ಮಾವನ ತಕ್ಕಡಿಯಲ್ಲೊಬ್ಬ ಸಲಹೆಗಾರ

ನಮ್ಮ ಮಾವನಿಗೆ ದೇವರ ಮೇಲೆ ನಂಬಿಕೆಯಿದೆ. ಆದರೆ ಪೂಜಾರಿ ಕೊಟ್ಟ ಪ್ರಸಾದವನ್ನು ಮಾತ್ರ ಬಾಯಿಗೆ ಹಾಕಿಕೊಳ್ಳುವ ಮುಂಚೆ ಅಂಗೈಯಲ್ಲಿ ಒಮ್ಮೆ ಮೇಲೆ ಕೆಳಗೆ ಆಡಿಸಿ ತೂಕ ನೋಡುತ್ತಾರೆ. ಪಕ್ಕದವನ ಕೈಗೆ ಎಷ್ಟು ಬಿತ್ತು ಅಂತಲೂ ಓರೆಗಣ್ಣಿನಲ್ಲಿ ಗಮನಿಸುತ್ತಾರೆ. ಇಂಥವರೊಬ್ಬರು ನಿಮ್ಮ ಮನೆಯಲ್ಲಿ ಇದ್ದಾರೆಯೇ? ಇಲ್ಲದಿದ್ದರೆ ನೀವು ಪುಣ್ಯವಂತರು. ಇದ್ದರೆ ಈ ಬರಹವನ್ನು ಅವರ ಕೈಗೆ ಕೊಡಬೇಡಿ, ಪುಟ ಕಡಿಮೆ ಬಂದಿದೆ ಎಂದು ಎಣಿಸುತ್ತಾ ಕೂತಾರು!

ಮಾವ ಎಂದರೆ ನನ್ನ ತಾಯಿಯ ಅಣ್ಣ. ಊರು ಜಾವಗಲ್. ಒಂದಿಷ್ಟು ತೆಂಗಿನ ತೋಟವಿದೆ, ಆದರೆ ಅನ್ನ ಹಾಕಿದ್ದು ಸರ್ಕಾರಿ ನೌಕರಿ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದರು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಸರಿಯಿದೆಯಾ, ತೂಕದ ಬಟ್ಟು ಸವೆದಿದೆಯಾ ಎಂದು ಪರೀಕ್ಷೆ ಮಾಡಿ ಸೀಲು ಹೊಡೆಯುವ ಕೆಲಸ. ಇಲಾಖೆಯವರು ಹಾರ ಹಾಕಿ ಕಳಿಸಿಕೊಟ್ಟು ಎಷ್ಟೋ ವರ್ಷವಾಯಿತು. ಹಾಗೆ ನೋಡಿದರೆ ಇಲಾಖೆ ಮಾವನಿಂದ ನಿವೃತ್ತಿಯಾಯಿತೇ ಹೊರತು ಮಾವ ಆಗಲಿಲ್ಲ. ಇವತ್ತಿಗೂ ಅವರ ಬಟ್ಟೆ ಚೀಲದಲ್ಲಿ ಒಂದು ಕೇಜಿಯ ಹಿತ್ತಾಳೆ ಬಟ್ಟು ಇರುತ್ತದೆ. ಸ್ವಂತ ದುಡ್ಡಿನಲ್ಲಿ ಕೊಂಡದ್ದು. ಅರಸೀಕೆರೆ ಸಂತೆಗೆ ಬಂದರೆ ಮೊದಲು ಅದನ್ನು ವ್ಯಾಪಾರಿಯ ತಕ್ಕಡಿಯಲ್ಲಿಟ್ಟು ನೋಡಿ, ಆಮೇಲೆ ಈರುಳ್ಳಿಯ ಮಾತು. ಒಮ್ಮೆ ಒಬ್ಬ ಈರುಳ್ಳಿಯವನು ರೋಸಿಹೋಗಿ, ನಿಮ್ಮ ಬಟ್ಟು ಒಳಗಿಡಿ ಸಾರ್, ನಾನೇ ಎರಡು ಗೆಡ್ಡೆ ಜಾಸ್ತಿ ಹಾಕ್ತೀನಿ ಅಂದ. ಮಾವ ಆ ಎರಡು ಗೆಡ್ಡೆಯನ್ನು ಎತ್ತಿ ವಾಪಸ್ಸು ಅವನ ರಾಶಿಗೇ ಹಾಕಿ, ಜಾಸ್ತಿ ತೂಗುವವನ ತಕ್ಕಡಿಯೂ ಸುಳ್ಳು ತಕ್ಕಡಿಯೇ ಎಂದು ಮುಂದಿನ ಅಂಗಡಿಗೆ ನಡೆದರು.

ಅವರ ಮದುವೆಯಾದದ್ದೂ ಅನುಮಾನದಿಂದಲೇ. ಹೆಣ್ಣು ನೋಡಲು ಬಾಣಾವರಕ್ಕೆ ಹೋಗಿದ್ದಾಗ, ಉಪ್ಪಿಟ್ಟು ಕೇಸರಿಬಾತು ಎರಡೂ ಹುಡುಗಿಯದೇ ಕೈಯಡುಗೆ ಎಂದು ಹೆಣ್ಣಿನ ಕಡೆಯವರು ಹೊಗಳಿದರಂತೆ. ಮಾವ ಕೈ ತೊಳೆಯುವ ನೆಪದಲ್ಲಿ ನೇರ ಅಡುಗೆಮನೆಗೇ ನುಗ್ಗಿದರು. ಅಲ್ಲಿ ಸೌಟು ಹಿಡಿದಿದ್ದವರು ಬೇರೆ ಯಾರೋ. ಹುಡುಗಿಯನ್ನೇ ಕೇಳಿದರೆ, ನಾನಲ್ಲ, ನಮ್ಮ ಚಿಕ್ಕಮ್ಮ ಮಾಡಿದ್ದು, ನನಗೆ ಕೇಸರಿಬಾತು ತಳ ಹಿಡಿಯುತ್ತೆ ಅಂದಳಂತೆ. ಇಡೀ ಮನೆಯಲ್ಲಿ ಸೀಲು ಹೊಡೆಯಬಹುದಾದ ವಸ್ತು ಇದೊಂದೇ ಎಂದು ಮಾವ ಅಲ್ಲೇ ಒಪ್ಪಿಕೊಂಡರು. ಅತ್ತೆಯ ಕೇಸರಿಬಾತು ಈಗಲೂ ತಳ ಹಿಡಿಯುತ್ತದೆ. ಮಾವ ಈಗಲೂ ಎರಡನೇ ಸಲ ಹಾಕಿಸಿಕೊಳ್ಳುತ್ತಾರೆ.

ಬ್ರಹ್ಮ ಜೋಡಿ ಮಾಡುವಾಗ ತಕ್ಕಡಿ ಹಿಡಿದು ಕೂತಿರುತ್ತಾನೆ ಎಂದು ನನಗೆ ಗೊತ್ತಾದದ್ದು ಇವರಿಬ್ಬರನ್ನು ನೋಡಿ. ಮಾವ ಯಾರನ್ನೂ ನಂಬುವುದಿಲ್ಲ, ಅತ್ತೆ ಎಲ್ಲರನ್ನೂ ನಂಬುತ್ತಾರೆ. ಜಗಲಿಗೆ ಯಾರೇ ಮಾರಲು ಬರಲಿ, ನೀರಿನ ಫಿಲ್ಟರಿನವನು, ಪಾತ್ರೆಗೆ ಪಾಲಿಶ್ ಹಾಕುವವನು, ಮಂಡಿನೋವಿನ ಎಣ್ಣೆಯವನು, ಅತ್ತೆ ಮೊದಲು ಮಜ್ಜಿಗೆ ಕೊಡುತ್ತಾರೆ, ಆಮೇಲೆ ಏನು ಮಾರ್ತೀಯಪ್ಪ ಅನ್ನುತ್ತಾರೆ. ಒಳಮನೆಯಲ್ಲಿ ಪೇಪರು ಓದುತ್ತಿದ್ದ ಮಾವ ಆ ಹೊತ್ತಿಗೆ ಚಪ್ಪಲಿ ಮೆಟ್ಟಿಕೊಂಡು ಆಚೆ ಬಂದಿರುತ್ತಾರೆ. ಒಂದು ದಿನ ಟೈ ಕಟ್ಟಿಕೊಂಡವನೊಬ್ಬ ಬಂದು, ಅಮ್ಮಾ, ನಿಮ್ಮ ಉಳಿತಾಯಕ್ಕೆ ಪುಕ್ಕಟೆಯಾಗಿ ಸಲಹೆ ಕೊಡುತ್ತೇನೆ ಅಂದ. ಮಾವ ಕನ್ನಡಕ ಏರಿಸಿದರು.

"ಪುಕ್ಕಟೆ ಅಂದ್ರೆ ನಾನು ದುಡ್ಡು ಕೊಡ್ತಿಲ್ಲ ಅಂತ. ಹಂಗಾದ್ರೆ ನಿಂಗೆ ಬೇರೆ ಯಾರೋ ಕೊಡ್ತಾವ್ರೆ ಅಂತ. ಯಾರಪ್ಪ ಅವರು?"

ಅವನು ಮಜ್ಜಿಗೆ ಮುಗಿಸಿ ಎದ್ದವನು ಇವತ್ತಿಗೂ ಉತ್ತರ ಹೇಳಿಲ್ಲ. ಗಾಬರಿಯಲ್ಲಿ ಪೆನ್ನು ಬಿಟ್ಟುಹೋಗಿದ್ದಾನೆ. ಪಾಪ, ಹುಡುಕ್ತಿರ್ತಾನೆ ಎಂದು ಅತ್ತೆ ಅದನ್ನು ದೇವರ ಗೂಡಿನ ಪಕ್ಕ ಎತ್ತಿಟ್ಟಿದ್ದಾರೆ.

ಇಂಥ ಮಾವನ ಅಳಿಯನಾದ ನಾನು ಯಾವ ಕಸುಬು ಹಿಡಿಯಬಾರದಿತ್ತೋ ಅದನ್ನೇ ಹಿಡಿದೆ. ಹಾಸನದಲ್ಲಿ ಒಂದು ಖಾಸಗಿ ಆಫೀಸಿನಲ್ಲಿ ಹನ್ನೆರಡು ವರ್ಷ ಕುರ್ಚಿ ಸವೆಸಿದವನು ಬಿಟ್ಟುಬಂದು ಅರಸೀಕೆರೆಯಲ್ಲಿ, ಬಸ್ ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಯ ಮೇಲೆ ಒಂದು ಕೋಣೆ ಹಿಡಿದೆ. ಬೋರ್ಡು ಬರೆಸಿದೆ: ನೋಂದಾಯಿತ ಹೂಡಿಕೆ ಸಲಹೆಗಾರ. ಇದು ಪಾಲಿಸಿ ಮಾರುವ ಕೆಲಸ ಅಂದುಕೊಳ್ಳಬೇಡಿ. ಮಾರುವವನಿಗೆ ಕಂಪನಿ ಕಮಿಷನ್ ಕೊಡುತ್ತದೆ. ನಾನು ಕಂಪನಿಯಿಂದ ಒಂದು ಕಾಸೂ ಮುಟ್ಟುವಂತಿಲ್ಲ. ಸಲಹೆ ಕೇಳಿದವರೇ ಫೀಸು ಕೊಡಬೇಕು. ಈ ಹಕ್ಕಿಗಾಗಿ ಡಿಗ್ರಿಯ ಮೇಲೆ ಎರಡು ಪರೀಕ್ಷೆ ಪಾಸು ಮಾಡಿ, ನೋಂದಣಿ ಮಾಡಿಸಿ, ಒಂದು ನಂಬರು ಪಡೆದುಕೊಂಡಿದ್ದೆ.

ಆದರೆ ಸಲಹೆಗೆ ದುಡ್ಡು ಕೊಡುವುದೇ! ನಮ್ಮ ಕಡೆ ಸಲಹೆ ಎಂಬುದು ಅರಳಿಕಟ್ಟೆಯಲ್ಲಿ ಬೇಡವೆಂದರೂ ಸಿಗುತ್ತದೆ. ಮೊದಲ ಎರಡು ತಿಂಗಳಲ್ಲಿ ಮೆಟ್ಟಿಲು ಹತ್ತಿ ಬಂದವನು ಒಬ್ಬನೇ ಒಬ್ಬ. ಬೇಲೂರಿನ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿದ. ಹೇಳಿದೆ. ಆ ಬಸ್ಸು ಅವತ್ತು ಬರಲಿಲ್ಲ. ಅದು ನನ್ನ ವೃತ್ತಿಜೀವನದ ಮೊದಲ ಸಲಹೆ.

ಜಾವಗಲ್ಲಿನ ಪರಿಚಯದವರನ್ನೆಲ್ಲ ಕಂಡು ಬಂದೆ. ಎಲ್ಲರದೂ ಒಂದೇ ಪ್ರಶ್ನೆ: ನಿಮ್ಮ ಮಾವ ಏನಂತಾರೆ? ಕೊಬ್ಬರಿ ತೂಗುವವರ ಮೋಸದಿಂದ ಎಷ್ಟೋ ಮನೆಗಳನ್ನು ಕಾಪಾಡಿದ ಮನುಷ್ಯ, ಅವರು ಸೀಲು ಹೊಡೆಯದ ಅಳಿಯನನ್ನು ಊರು ಯಾಕೆ ಮುಟ್ಟೀತು? ಇತ್ತ ನನ್ನ ಹೆಂಡತಿ ಗಡುವು ಕೊಟ್ಟಿದ್ದಳು. ಯುಗಾದಿಯವರೆಗೆ ನೋಡುವುದು, ಆಮೇಲೆ ಬೋರ್ಡು ಇಳಿಸಿ ಹಾಸನದ ಹಳೇ ಆಫೀಸಿಗೆ ಹೋಗಿ ಕೈಕಟ್ಟಿ ನಿಲ್ಲುವುದು. ನನ್ನ ಅನ್ನ ಮಾವನ ಒಂದು ತಲೆಯಾಡಿಕೆಯಲ್ಲಿ ಸಿಕ್ಕಿಕೊಂಡಿತ್ತು.

ಕರೆದೆ, ಬಂದರು. ಚೀಲ ಕೆಳಗಿಟ್ಟು, ಗೋಡೆಯ ಸರ್ಟಿಫಿಕೇಟನ್ನು ಮೊಳೆಯಿಂದ ತೆಗೆಸಿ ಭೂತಗನ್ನಡಿ ಹಿಡಿದು ಓದಿದರು. ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು ಎಂಬ ಸಾಲಿಗೆ ಬಂದು ನಿಂತರು. ಮೂರೇ ವರ್ಷಕ್ಕೆ ಹಳಸುವ ವಿದ್ಯೆಯೇ ಎಂದು ಆಡಿಕೊಳ್ಳುತ್ತಾರೆ ಎಂದು ನಾನು ಉತ್ತರ ಸಿದ್ಧಮಾಡಿಕೊಂಡೆ.

"ಏನ್ಲಾ, ಕಬ್ಬಿಣದ ಬಟ್ಟಿಗೇ ಎರಡು ವರ್ಷಕ್ಕೊಂದು ಸಲ ಸೀಲು ಬೀಳಬೇಕು. ಅದಕ್ಕೆ ಆಸೆ ಇಲ್ಲ, ಸಂಸಾರ ಇಲ್ಲ. ನಿನ್ನಂಥೋನಿಗೆ ಮೂರು ವರ್ಷ ಬಿಟ್ಟವ್ರಾ?"

ನೋಂದಣಿ ನಂಬರು ಅಸಲಿಯೇ ಎಂದು ಇಂಟರ್‌ನೆಟ್ಟಿನಲ್ಲಿ ನೋಡಬಹುದು ಮಾವ ಎಂದು ನನ್ನ ಕಂಪ್ಯೂಟರ್ ತಿರುಗಿಸಿದೆ. ನಿನ್ನ ಕಂಪ್ಯೂಟರು ನಿನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ ಎಂದು ಕೆಳಗಿಳಿದು, ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ತೆಗೆಸಿ, ಪ್ರಿಂಟು ಹಾಕಿಸಿ, ಪ್ರಿಂಟಿಗೆ ರಸೀದಿಯನ್ನೂ ಬರೆಸಿಕೊಂಡು ಬಂದರು. ಹೆಸರು, ನಂಬರು ಎಲ್ಲ ತಾಳೆಯಾಯಿತು. ಆದರೆ ಫೋಟೋ ಇಲ್ಲವಲ್ಲ, ಈ ಹೆಸರಿನವನು ನೀನೇ ಅನ್ನುವುದಕ್ಕೆ ಏನು ಗ್ಯಾರಂಟಿ ಎಂದರು. ಮಾವ, ಈ ಹೆಸರು ನನಗೆ ಇಟ್ಟವರೇ ನೀವು ಅಂದೆ. ಇಟ್ಟದ್ದು ನಿಜ, ಆದರೆ ಅವತ್ತು ತೊಟ್ಟಿಲಲ್ಲಿದ್ದ ಕೂಸಿಗೂ ನಿನಗೂ ಹೋಲಿಕೆಯೇ ಇಲ್ಲ ಎಂದು ಚೀಲ ಎತ್ತಿಕೊಂಡರು.

ಮುಂದಿನ ವಾರ ಅತ್ತೆ ಫೋನು ಮಾಡಿ, ನಿಮ್ಮ ಮಾವ ಪರೀಕ್ಷೆಗೆ ಓದ್ತಾ ಅವ್ರೆ ಕಣಪ್ಪ ಅಂದರು. ಯಾವ ಪರೀಕ್ಷೆ? ನನ್ನದೇ! ನಾನು ಪಾಸು ಮಾಡಿದೆನಲ್ಲ, ಅದರಲ್ಲಿ ಮೊದಲನೆಯದು. ತಕ್ಕಡಿಯನ್ನು ಪರೀಕ್ಷೆ ಮಾಡಬೇಕಾದರೆ ನಮ್ಮ ಕೈಯಲ್ಲಿ ಒಂದು ಬಟ್ಟು ಇರಬೇಕು, ಆ ಪರೀಕ್ಷೆ ಎಷ್ಟು ತೂಕದ್ದು ಎಂದು ನೋಡಲು ನಾನೇ ಬರೆಯಬೇಕು ಎಂಬುದು ಎಪ್ಪತ್ತೆರಡು ವರ್ಷದ ಮಾವನ ವಾದ. ಅತ್ತೆ ಅವರೆಕಾಯಿ ಬಿಡಿಸುತ್ತಾ ಪುಸ್ತಕ ನೋಡಿ ಪ್ರಶ್ನೆ ಕೇಳುವುದು, ಮಾವ ತೂಗುಯ್ಯಾಲೆಯಲ್ಲಿ ಕೂತು ಉತ್ತರ ಹೇಳುವುದು. ಎಲ್ಲ ಉತ್ತರಕ್ಕೂ ಅತ್ತೆಯದು ಸರಿ ಎಂದೇ ತೀರ್ಪು. ಆ ತಿಂಗಳು ಮಾವ ಮೂರು ನಾಲ್ಕು ಸಲ ಹಾಸನಕ್ಕೆ ಹೋಗಿ ಬಂದರು. ಪರೀಕ್ಷಾ ಕೇಂದ್ರವನ್ನು ಮೊದಲೇ ತಪಾಸಣೆ ಮಾಡುತ್ತಿದ್ದಾರೆ ಎಂದು ನಾವು ಬೆನ್ನ ಹಿಂದೆ ನಕ್ಕೆವು.

ಪರೀಕ್ಷೆ ಬರೆದು ನೇರ ನನ್ನ ಕೋಣೆಗೇ ಬಂದರು. ಮುಖ ಅರಳಿತ್ತು. ಬಾಗಿಲಲ್ಲೇ ಜೇಬು ನೋಡಿದರಂತೆ, ವಾಚು ಬಿಚ್ಚಿಸಿದರಂತೆ, ತಲೆಯ ಮೇಲೆ ಕ್ಯಾಮೆರಾ ಇತ್ತಂತೆ. ಎಷ್ಟು ಅಚ್ಚುಕಟ್ಟಾಗಿ ಅನುಮಾನ ಪಡುತ್ತಾರೆ ಗೊತ್ತಾ ಎಂದು ತವರುಮನೆಗೆ ಹೋಗಿಬಂದವರಂತೆ ವರ್ಣಿಸಿದರು. ಮತ್ತೆ ರಿಸಲ್ಟು? ಫೇಲು. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ ಬೇರೆ. ಕೊಟ್ಟ ನಾಲ್ಕು ಉತ್ತರಗಳಲ್ಲಿ ಒಂದು ಸರಿ ಎಂದು ಅವರೇ ಹೇಳಿದರೆ ನಂಬುವುದು ಹೇಗೆ ಎಂದು ನಾಲ್ಕನ್ನೂ ಶೋಧಿಸುವಷ್ಟರಲ್ಲಿ ಹೊತ್ತು ಮುಗಿದಿತ್ತು.

"ನನ್ನನ್ನೇ ಫೇಲ್ ಮಾಡವ್ರೆ ಅಂದ್ಮೇಲೆ ಪರೀಕ್ಷೆ ಗಟ್ಟಿ ಐತೆ ಕಣ್ಲಾ" ಅಂದರು.

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಹಾಗಾದರೆ ನನ್ನನ್ನು ಒಪ್ಪಿದಿರಾ ಮಾವ? ಪರೀಕ್ಷೆ ಗಟ್ಟಿ ಎಂದೆನೇ ಹೊರತು ನೀನು ಗಟ್ಟಿ ಎಂದು ಯಾವಾಗ ಹೇಳಿದೆ ಎಂದು ಮಾವ ಚಹಾ ತರಿಸಲು ಹೇಳಿದರು.

ಈ ನಡುವೆ ಅತ್ತೆಗೆ ಬೇಲೂರು ಹಳೇಬೀಡು ಇನ್ನೊಂದು ಸಲ ನೋಡುವ ಆಸೆಯಾಯಿತು. ನನ್ನ ಕಾರಿನಲ್ಲೇ ಕರೆದುಕೊಂಡು ಹೋದೆ. ಬೇಲೂರಿನಲ್ಲಿ ಗೈಡ್ ಒಬ್ಬ ಮುಂದೆ ಬಂದ. ಮಾವ ಅವನ ಕತ್ತಿನ ಕಾರ್ಡು ಹಿಡಿದು ಓದಿದರು. ಅವಧಿ ಹಿಂದಿನ ತಿಂಗಳೇ ಮುಗಿದಿತ್ತು! ಬೇಡ ಎಂದು ಕಳಿಸಿ, ಬೇರೆ ಯಾರದೋ ಗುಂಪಿನ ಹಿಂದೆ ಕೈಕಟ್ಟಿಕೊಂಡು ನಡೆದು, ಅವರ ಗೈಡು ಹೇಳಿದ್ದನ್ನು ಪುಕ್ಕಟೆಯಾಗಿ ಕೇಳಿಸಿಕೊಂಡರು. ನೋಡಿದರೆ ಅತ್ತೆ ಅಷ್ಟರಲ್ಲಿ ಆ ಮೊದಲಿನವನಿಗೆ ದುಡ್ಡು ಕೊಟ್ಟು ಎಲ್ಲ ಕೇಳಿ ತಿಳಿದುಕೊಂಡು ಬಂದಿದ್ದರು. ಕಾರ್ಡಿಗೆ ವಯಸ್ಸಾದರೆ ಅವನಿಗೆ ಗೊತ್ತಿದ್ದದ್ದೆಲ್ಲ ಮರೆತುಹೋಗುತ್ತಾ ಎಂಬುದು ಅವರ ನ್ಯಾಯ. ಮಾವ ಸೋತವರಂತೆ ಕಾರಿನ ಕಡೆ ನಡೆದರು.

ಆ ಧೈರ್ಯದಲ್ಲಿ ನಾನು ಹಳೇಬೀಡಿನಲ್ಲಿ ಕೆಣಕಿದೆ. ಇಷ್ಟು ದೊಡ್ಡ ಗುಡಿ ಕೆತ್ತಿದವರು ಯಾವ ಪರೀಕ್ಷೆ ಪಾಸು ಮಾಡಿದ್ದರು ಮಾವ, ಯಾರು ಸೀಲು ಹೊಡೆದಿದ್ದರು? ಮಾವ ನನ್ನ ತೋಳು ಹಿಡಿದು ಒಂದು ವಿಗ್ರಹದ ಕೆಳಗೆ ನಿಲ್ಲಿಸಿದರು. ಪೀಠದಲ್ಲಿ ಹಳಗನ್ನಡದ ನಾಲ್ಕಾರು ಅಕ್ಷರಗಳಿದ್ದವು.

"ಇದು ಕೆತ್ತಿದೋನ ಹೆಸರು. ಕೆಲಸ ಕೆಟ್ಟಿದ್ರೆ ಯಾರನ್ನ ಹಿಡೀಬೇಕು ಅಂತ ಕಲ್ಲಿನ ಮೇಲೇ ಬರ್ದವ್ನೆ. ನೀನು ನಿನ್ನ ಹೆಸರು ಎಲ್ಲಿ ಕೆತ್ತೀಯ?"

ಬೋರ್ಡಿನಲ್ಲಿದೆಯಲ್ಲ ಎನ್ನಲು ಹೋದೆ. ಬೋರ್ಡು ತಗಡಿನದು, ನಾಲ್ಕು ಮೊಳೆ ಕಿತ್ತರೆ ಕೆಳಗೆ ಬರುತ್ತದೆ ಎಂಬುದು ನನಗೇ ಹೊಳೆಯಿತು.

ಯುಗಾದಿಗೆ ಹತ್ತು ದಿನವಿತ್ತು. ಒಂದು ಮಧ್ಯಾಹ್ನ ಬಿಳಿ ಷರಟು, ಬೆರಳಿಗೆ ಎರಡು ಉಂಗುರ ತೊಟ್ಟ ಹಿರಿಯರೊಬ್ಬರು ಮೆಟ್ಟಿಲು ಹತ್ತಿ ಬಂದರು. ಬಸ್ಸು ಕೇಳಲಿಲ್ಲ. ತಮ್ಮದೊಂದು ಸೈಟಿನ ಸ್ಕೀಮು ಇದೆ, ನಿಮ್ಮ ಹತ್ತಿರ ಸಲಹೆಗೆ ಬಂದವರನ್ನು ನಮ್ಮ ಕಡೆ ಕಳಿಸಿ, ನಿಮ್ಮ ಪಾಲು ನಿಮಗೆ ಸೇರುತ್ತದೆ, ಕಾಗದವಿಲ್ಲ ಪತ್ರವಿಲ್ಲ ಎಂದರು. ಇದು ನನ್ನ ಕಸುಬಿನಲ್ಲಿ ಮಹಾಪಾಪ. ಇದನ್ನು ಮಾಡಬಾರದು ಎಂದೇ ನಾನು ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ. ಆದರೆ ಎದುರಿಗೆ ಖಾಲಿ ಕುರ್ಚಿಗಳಿದ್ದವು, ಮೇಜಿನ ಡ್ರಾಯರಿನಲ್ಲಿ ಕೋಣೆಯ ಬಾಡಿಗೆಯ ಚೀಟಿಯಿತ್ತು. ಸುಳ್ಳು ಯಾಕೆ ಹೇಳಲಿ, ನನ್ನ ಬಾಯಿಂದ ಒಂದು ಮಾತು ಬಂತು.

"ಎಷ್ಟು ಕೊಡ್ತೀರಿ?"

ಅವರು ಹೇಳಿದರು. ನಾನು ಡ್ರಾಯರು ಎಳೆದು ಆ ಚೀಟಿಯನ್ನು ಒಮ್ಮೆ ನೋಡಿ ಮುಚ್ಚಿದೆ. ಆಮೇಲೆ, ಆಗುವುದಿಲ್ಲ ಸ್ವಾಮಿ, ನನ್ನ ಕೆಲಸದಲ್ಲಿ ಇದಕ್ಕೆ ಅವಕಾಶವಿಲ್ಲ ಎಂದೆ. ಅವರು ಬಲವಂತ ಮಾಡದೆ ಎದ್ದು ಹೋದರು.

ಮಾರನೇ ದಿನವೇ ಮಾವ ಅತ್ತೆಯೊಂದಿಗೆ ಬಂದರು. ಅತ್ತೆಯನ್ನು ಕೆಳಗೆ ಜೆರಾಕ್ಸ್ ಅಂಗಡಿಯಲ್ಲಿ ಕೂರಿಸಿ ಒಬ್ಬರೇ ಮೇಲೆ ಹತ್ತಿದರು. ನಡುವೆ ಎರಡು ಸಲ ನಿಂತು ಉಸಿರು ಎಳೆದುಕೊಂಡದ್ದು ನನಗೆ ಕೇಳಿಸಿತು. ಬಂದವರು ಗಿರಾಕಿಗಳ ಕುರ್ಚಿಯಲ್ಲಿ ಕೂತರು. ಹಿಂದೆಲ್ಲ ನಿಂತೇ ಇರುತ್ತಿದ್ದರು.

ನಿನ್ನೆ ಬಂದಿದ್ದವರು ತಾವೇ ಕಳಿಸಿದ್ದ ಇಲಾಖೆಯ ಹಳೇ ಸಹೋದ್ಯೋಗಿ, ಉಂಗುರಗಳು ಅವರ ಭಾವಮೈದುನನಿಂದ ಎರವಲು ತಂದವು ಎಂದು ಹೇಳಿದರು. ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು.

"ನೀನು ಬೇಡ ಅಂದೆಯಂತೆ. ಬೇಡ ಅನ್ನೋಕೆ ಮುಂಚೆ ಎಷ್ಟು ಅಂತ ಕೇಳ್ದೆಯಂತೆ."

ಹೌದು ಮಾವ ಎಂದೆ. ಮುಗಿಯಿತು, ಸಂಜೆಯೇ ಬೋರ್ಡು ಇಳಿಸುವುದು ಎಂದು ಮನಸ್ಸಿನಲ್ಲೇ ಮೊಳೆ ಕೀಳುವ ಸುತ್ತಿಗೆ ಹುಡುಕತೊಡಗಿದೆ. ಮಾವ ಚೀಲದಿಂದ ಹಿತ್ತಾಳೆ ಬಟ್ಟು ತೆಗೆದು ಮೇಜಿನ ಮೇಲಿಟ್ಟು ಅದರ ತಲೆ ಸವರಿದರು.

"ಇದೂ ಪೂರಾ ಒಂದು ಕೇಜಿ ಇಲ್ಲ ಕಣೋ. ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇರಬಹುದು ಅಂತ ಕಾನೂನಲ್ಲೇ ಬಿಟ್ಟವ್ರೆ. ವ್ಯತ್ಯಾಸ ಇಲ್ಲದ ಬಟ್ಟು ನಾನು ಕಂಡಿಲ್ಲ. ಎಷ್ಟೈತೆ ಅಂತ ಗೊತ್ತಿದ್ರೆ ಸಾಕು. ನಿಂದು ಗೊತ್ತಾಯ್ತು. ಮಿತಿ ಒಳಗೆ ಐತೆ."

ಇನ್ನು ಸುಮ್ನೆ ಕೂರಬೇಡ, ನನ್ನ ಕಾಗದ ತೆಗಿ ಎಂದರು. ನನ್ನ ಮೊದಲ ಗಿರಾಕಿ! ಡ್ರಾಯರಿನಿಂದ ಫಾರಂ ತೆಗೆದೆ. ಸಲಹೆ ಕೊಡುವ ಮುಂಚೆ ಇಂತಿಂಥ ಪ್ರಶ್ನೆ ಕೇಳಲೇಬೇಕು ಎಂದು ನಿಯಮವಿದೆ. ಮಾವನ ಎದುರು ನಿಯಮ ಬಿಡಲುಂಟೇ? ಮೊದಲನೆಯದನ್ನು ಗಟ್ಟಿಯಾಗಿ ಓದಿದೆ. ಈ ಹಣ ನಿಮಗೆ ಎಷ್ಟು ವರ್ಷದ ನಂತರ ಬೇಕಾಗಬಹುದು?

ಮಾವ ಕಿಟಕಿಯಾಚೆ ನೋಡಿದರು. ಕೆಳಗೆ ಅತ್ತೆ ತಳ್ಳುಗಾಡಿಯವನ ಹತ್ತಿರ ದ್ರಾಕ್ಷಿ ಕೊಳ್ಳುತ್ತಿದ್ದರು. ತಕ್ಕಡಿಯ ಕಡೆ ನೋಡದೆ, ಅವನ ಮಕ್ಕಳ ವಿಚಾರವೋ ಏನೋ ಕೇಳುತ್ತಾ ನಗುತ್ತಿದ್ದರು. ಚಿಲ್ಲರೆ ಎಣಿಸದೆ ಸೆರಗಿನ ತುದಿಗೆ ಕಟ್ಟಿಕೊಂಡರು.

"ನಂಗೆ ಬೇಕಾಗಲ್ಲ. ಹಾಸನದಲ್ಲಿ ಮೂರು ಜನ ಡಾಕ್ಟರಿಗೆ ತೋರಿಸ್ದೆ. ಒಬ್ಬನಿಗೆ ಗೊತ್ತಾಗದಂಗೆ ಇನ್ನೊಬ್ಬನ ತಾವ ಹೋದೆ. ಮೂವರೂ ಒಂದೇ ಮಾತು ಹೇಳವ್ರೆ. ಅನುಮಾನ ಪಡಕ್ಕೆ ಜಾಗವೇ ಇಲ್ಲ."

ಹಾಸನದ ಆ ಮೂರು ನಾಲ್ಕು ಪ್ರಯಾಣ ಯಾತಕ್ಕೆಂದು ನನಗೆ ಆಗ ತಿಳಿಯಿತು. ಅದಕ್ಕೇ ನಾವು ಬೆನ್ನ ಹಿಂದೆ ನಕ್ಕಿದ್ದೆವು. ಅತ್ತೆಗೆ ಗೊತ್ತಾ ಎಂದು ಕೇಳಿದೆ. ಸ್ವಲ್ಪ ಹೇಳಿದ್ದೇನೆ, ಡಾಕ್ಟರು ವಾಸಿ ಮಾಡುತ್ತಾರೆ ಎಂದು ನಂಬಿದ್ದಾಳೆ ಅಂದರು.

"ಅವಳಿಗೆ ಅನುಮಾನ ಪಡಕ್ಕೆ ಬರಲ್ಲ ಕಣೋ. ಮದುವೆಯಾದಾಗಿಂದ ಅವಳ ಪಾಲಿಂದೂ ನಾನೇ ಪಟ್ಟಿದೀನಿ. ನಾಳೆ ಯಾವನೋ ಟೈ ಕಟ್ಕಂಡು ಬತ್ತಾನೆ, ಇವಳು ಮಜ್ಜಿಗೆ ಕೊಡ್ತಾಳೆ. ಆಗ ಒಳಗಿಂದ ಎದ್ದು ಬರೋಕೆ ಒಬ್ಬ ಬೇಕಲ್ಲ."

ಇಷ್ಟು ದಿನ ಮಾವ ನನ್ನ ಸರ್ಟಿಫಿಕೇಟು ತೂಗುತ್ತಿದ್ದಾರೆ ಅಂದುಕೊಂಡಿದ್ದೆ. ಅವರು ಹುಡುಕುತ್ತಿದ್ದದ್ದು ಸಲಹೆಗಾರನನ್ನಲ್ಲ, ತಮ್ಮ ಜಾಗಕ್ಕೆ ಒಬ್ಬನನ್ನು. ನನ್ನ ಕಣ್ಣು ತುಂಬಿತು. ಉಳಿದ ಪ್ರಶ್ನೆಗಳನ್ನು ಮಂಜು ಮಂಜಾಗಿಯೇ ಓದಿದೆ, ಮಾವ ಒಂದೊಂದಕ್ಕೂ ಸರಿಯಾಗಿ ಉತ್ತರ ಕೊಟ್ಟರು. ಒಪ್ಪಂದದ ಕೊನೆಯ ಪುಟದಲ್ಲಿ ಅವರು ಸಹಿ ಹಾಕಿ, ಪಕ್ಕದ ಜಾಗಕ್ಕೆ ಬೆರಳಿಟ್ಟು, ಇಲ್ಲಿ ನಿನ್ನ ಹೆಸರು ಕೆತ್ತು ಎಂದರು. ಅಡಿಯ ಹಾಳೆಗೂ ಅಚ್ಚು ಮೂಡುವಷ್ಟು ಒತ್ತಿ ಬರೆದೆ.

ಅಷ್ಟರಲ್ಲಿ ಅತ್ತೆ ದ್ರಾಕ್ಷಿ ಹಿಡಿದು ಮೇಲೆ ಬಂದರು. ಒಂದು ಕೇಜಿ ಅಂತ ಕೊಟ್ಟ ಕಣಪ್ಪ, ಒಳ್ಳೇ ಹುಡುಗ ಎಂದು ಕವರನ್ನು ಮೇಜಿನ ಮೇಲಿಟ್ಟರು. ಹಿತ್ತಾಳೆ ಬಟ್ಟು ಅಲ್ಲೇ ಪಕ್ಕದಲ್ಲಿತ್ತು. ಮಾವನ ಕೈ ಅಭ್ಯಾಸದಂತೆ ಅದರ ಕಡೆ ಹೋಗಿ, ಅರ್ಧ ದಾರಿಯಲ್ಲಿ ನಿಂತಿತು. ಅವರು ನನ್ನ ಮುಖ ನೋಡಿದರು.

ನಾನು ಬಟ್ಟನ್ನು ಒಂದು ಕೈಯಲ್ಲಿ, ದ್ರಾಕ್ಷಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಆಡಿಸಿದೆ.

"ಸ್ವಲ್ಪ ಕಮ್ಮಿ ಇರೋ ಹಾಗಿದೆ ಅತ್ತೆ. ಬನ್ನಿ, ಕೇಳಿ ಬರೋಣ."

ಪಾಪ ಬಿಡಪ್ಪ ಅನ್ನುತ್ತಲೇ ಅತ್ತೆ ಹಿಂದೆ ಬಂದರು. ಮೆಟ್ಟಿಲ ಹತ್ತಿರ ನಿಂತು ಒಮ್ಮೆ ತಿರುಗಿ ನೋಡಿದೆ. ಮಾವ ಏಳಲಿಲ್ಲ. ಕುರ್ಚಿಗೆ ಒರಗಿ ಕಾಲು ಚಾಚಿ ಕಣ್ಣು ಮುಚ್ಚಿಕೊಂಡು ನಿರಾಳವಾಗಿ ಉಸಿರಾಡುತ್ತಿದ್ದರು. ಇಲಾಖೆಯವರು ಎಂದೋ ಹಾರ ಹಾಕಿದ್ದರು, ಸರಿ. ಮಾವ ನಿಜವಾಗಿ ನಿವೃತ್ತರಾದದ್ದು ಮಾತ್ರ ಅವತ್ತು, ಆ ಕುರ್ಚಿಯಲ್ಲಿ.